ಕಲ್ಲಿಗೂ ಕ್ಲೀನಿಂಗ್

ಹಲ್ಲು ಡಾಕ್ಟರು ಅಂಗಿಯ ತೋಳು ಮಡಚಿ, ಕ್ಲಿನಿಕ್ಕಿನ ಹೊರಕೋಣೆಯ ಮೀನಿನ ತೊಟ್ಟಿಯೊಳಗಿನ ಚಪ್ಪಟೆ ಕಲ್ಲನ್ನು ನೀರಿನ ಮೇಲಕ್ಕೆ ಅಂಗಾತ ಎತ್ತಿ ಹಿಡಿದಿದ್ದರು. ಬಲಗೈಯಲ್ಲಿ ಹಲ್ಲಿನ ಕೊಳೆ ಕೆರೆಯುವ ಕೊಕ್ಕೆ. ಒಂದು ಸಾಲು ಕೆರೆದೂ ಆಗಿತ್ತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಗಳು ಬಂದಳು. ಅವಳೂ ಹಲ್ಲು ಡಾಕ್ಟರೇ. ಲಾರಿ ಡ್ರೈವರೊಬ್ಬನ ಅಡ್ಡಾದಿಡ್ಡಿ ಬೆಳೆದ ಕೊನೆಯ ದವಡೆ ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷ ಕಾಯಬೇಕಲ್ಲ ಎಂದು ಹೊರಗೆ ಬಂದಿದ್ದಳು.

ಆ ಹಲ್ಲನ್ನು ತಾನೇ ಕೀಳಬೇಕೆಂಬುದು ಅವಳ ಹಟ. ಅಪ್ಪನ ಜೊತೆ ಕೆಲಸಕ್ಕೆ ನಿಂತು ಏಳು ತಿಂಗಳಾಗಿತ್ತು. ಸುಲಭದ ಹಲ್ಲುಗಳೆಲ್ಲ ಅವಳ ಪಾಲು. ಕೊಂಚ ಕಷ್ಟದ್ದು ಬಂತೋ, ಅಪ್ಪ ಹಿಂದಿನಿಂದ ಬಂದು "ಕೊಡು ಇಲ್ಲಿ" ಎಂದು ಇಕ್ಕಳ ಇಸಿದುಕೊಳ್ಳುತ್ತಿದ್ದರು. ತನ್ನ ಕೈಯ ಬಗ್ಗೆ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಅಪ್ಪನಿಗೆ ಮಾತ್ರ ತಮ್ಮ ಕೈ ಬಿಟ್ಟರೆ ಲೋಕದಲ್ಲಿ ಇನ್ನೊಂದು ಕೈಯೇ ಕಾಣುತ್ತಿರಲಿಲ್ಲ.

"ಅಪ್ಪಾ, ಏನ್ ಮಾಡ್ತಿದೀರಾ?"

"ಕಾಣಲ್ವಾ? ಕ್ಲೀನಿಂಗ್. ನಿನ್ನ ಗೋಬಿಗಳಲ್ಲಿ ಒಂದು ಐದು ದಿನದಿಂದ ನಾಪತ್ತೆ. ಸತ್ತು ಕೊಳೀತಾ ಇರ್ಬೇಕು ಅಂತ ಕಲ್ಲೆತ್ತಿದೆ. ನೋಡಿದ್ರೆ ಅಡಿಯೆಲ್ಲ ಹಲ್ಲಿಗೆ ಕಟ್ಟೋ ಹಾಗೇ ಬಿಳೀ ಟಾರ್ಟರ್ ಕಟ್ಟಿದೆ."

ಗೋಬಿ ಎಂದರೆ ಇಲ್ಲಿ ತರಕಾರಿಯಲ್ಲ. ಬೆರಳಿನ ಒಂದು ಗೆಣ್ಣಿನಷ್ಟುದ್ದದ, ತಳ ಬಿಟ್ಟು ಮೇಲೇಳದ ಸಂಕೋಚದ ಮೀನು. ನಾಲ್ಕನ್ನು ಮಗಳೇ ತಂದು ಬಿಟ್ಟಿದ್ದಳು. ಆದರೆ ತೊಟ್ಟಿಯಲ್ಲಿ ಮೊದಲಿನಿಂದಲೂ ಇದ್ದ ಅಪ್ಪನ ಬಾರ್ಬ್ ಮೀನುಗಳು, ಮೇಲಿಂದ ಹಾಕಿದ್ದನ್ನೆಲ್ಲ ಗುಳುಂ ಮಾಡಿ ತಳಕ್ಕೆ ಒಂದು ಚೂರೂ ಇಳಿಯಗೊಡುತ್ತಿರಲಿಲ್ಲ. ಹಾಗಾಗಿ ಅವಳು ಬಾಯಿ ತೊಳೆಯುವ ಸಿರಿಂಜಿಗೆ ಉದ್ದನೆಯ ಕೊಳವೆ ಸಿಕ್ಕಿಸಿ, ಗೋಬಿಗಳ ಮೂತಿಯ ಮುಂದೆಯೇ ಊಟ ಇಳಿಸುತ್ತಿದ್ದಳು. "ಮೀನಿಗೂ ಐಸಿಯು ತೆರೆದಿದಾಳೆ ನೋಡಿ" ಎಂದು ಅಪ್ಪ ಬಂದ ರೋಗಿಗಳಿಗೆಲ್ಲ ತೋರಿಸಿ ನಗುತ್ತಿದ್ದರು.

"ಅದು ಟಾರ್ಟರ್ ಅಲ್ಲ. ಮೊದ್ಲು ಕಲ್ಲನ್ನ ನೀರೊಳಗೆ ಇಳ್ಸಿ."

"ಮೂವತ್ತು ವರ್ಷದಿಂದ ಕೆರೀತಿದೀನಿ ಪುಟ್ಟೀ, ನಂಗೆ ಗೊತ್ತಾಗಲ್ವಾ?" ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾಯಮಾನ ಅವರದು.

ಅವಳು ವಾದಕ್ಕಿಳಿಯಲಿಲ್ಲ. ಅಪ್ಪನ ಮಣಿಕಟ್ಟು ಹಿಡಿದು ಕಲ್ಲಿನ ಸಮೇತ ನೀರಿಗೆ ಅದ್ದಿದಳು. ತನ್ನ ಹಣೆಗೇರಿಸಿಕೊಂಡಿದ್ದ ಭೂತಗನ್ನಡಿಯ ಕನ್ನಡಕ ತೆಗೆದು ಅವರ ಮೂಗಿನ ಮೇಲೆ ಕೂರಿಸಿದಳು. "ಈಗ ನೋಡಿ."

ಡಾಕ್ಟರು ಗಾಜಿಗೆ ಮುಖವೊಡ್ಡಿ ನೋಡಿದರು. ಬಿಳಿಯ ಒಂದೊಂದು ಕಾಳಿನೊಳಗೂ ಎರಡೆರಡು ಕಪ್ಪು ಚುಕ್ಕೆ. ನೋಡುತ್ತಿದ್ದಂತೆ ಚುಕ್ಕೆಗಳು ಮಿಸುಕಾಡಿದವು.

"ಅಯ್ಯೋ, ಕಣ್ಣು ಕಣೇ ಇವು!"

"ಮೊಟ್ಟೆ. ಇನ್ನೆರಡು ದಿನಕ್ಕೆ ಮರಿ ಆಗ್ತವೆ. ಕಾಣೆಯಾದೋನು ಇವುಗಳ ಅಪ್ಪ. ಕಾವಲು ಕೂತಿದ್ದ."

"ಗೊತ್ತಿದ್ರೆ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳ್ದೆ. ನೀವು ಆಗ ಐಸಿಯು ಜೋಕು ಹೇಳ್ತಿದ್ರಿ."

ಡಾಕ್ಟರ ಕೈಯಿಂದ ಕೊಕ್ಕೆ ಜಾರಿ ತೊಟ್ಟಿಯ ತಳ ಸೇರಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಕೈಯ ಬಗ್ಗೆ ಅವರಿಗೆ ನಾಚಿಕೆಯಾಯಿತು. ಮಗಳು ಅವರನ್ನು ಬಯ್ಯಲಿಲ್ಲ. ಮೊಟ್ಟೆಯ ಮಗ್ಗುಲು ಕಾಣುವಂತೆ ಕಲ್ಲನ್ನು ಗಾಜಿಗೆ ಓರೆಯಾಗಿ ಒರಗಿಸಿದಳು. ಕಲ್ಲಿದ್ದ ಜಾಗದ ಗುಳಿಯಲ್ಲೇ ಕದಲದೆ ನಿಂತಿದ್ದ ಗಂಡು ಗೋಬಿ ಸರ್ರನೆ ಅದರಡಿಗೆ ನುಗ್ಗಿತು. ಕೆರೆದು ಜಜ್ಜಿಹೋದ ಸಾಲಿನಿಂದ ಒಂದೊಂದೇ ಮೊಟ್ಟೆಯನ್ನು ಬಾಯಿಗೆ ಹಾಕಿಕೊಳ್ಳತೊಡಗಿತು.

"ಏ, ತನ್ನ ಮಕ್ಕಳನ್ನೇ ತಿಂತಿದಾನಲ್ಲೇ!"

"ಹಾಳಾದದ್ದನ್ನ ಮಾತ್ರ. ಬಿಟ್ರೆ ಕೊಳೆತು ಪಕ್ಕದ್ದಕ್ಕೂ ಹರಡತ್ತೆ."

ಡಾಕ್ಟರು ಉಸಿರು ಬಿಗಿಹಿಡಿದು ನೋಡಿದರು. ಕೆಟ್ಟ ಸಾಲಿನಲ್ಲಿ ಒಂದೂ ಉಳಿಯಲಿಲ್ಲ. ಅದಕ್ಕೆ ಅಂಟಿಕೊಂಡೇ ಇದ್ದ ಒಳ್ಳೆಯ ಸಾಲಿನಲ್ಲಿ ಒಂದೂ ಅಲುಗಲಿಲ್ಲ. ಕೆಲಸ ಮುಗಿಸಿದ ಗೋಬಿ ತಿರುಗಿ ನಿಂತು, ಉಳಿದ ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸತೊಡಗಿತು.

"ನಮ್ಮ ಕಸುಬಿನೋನೇ ಕಣೇ," ಎಂದರು ಮೆಲ್ಲಗೆ. "ಕೈಯಿಲ್ಲದೋನು ಎಷ್ಟು ಚೊಕ್ಕವಾಗಿ ಕಿತ್ತ ನೋಡು."

ಒಳಗಿನಿಂದ ಡ್ರೈವರನ ತೊದಲು ದನಿ ಬಂತು: "ಡಾಕ್ಟ್ರೇ, ತುಟಿ, ನಾಲ್ಗೆ, ಎಲ್ಲಾ ಮರಗಟ್ಟೋಯ್ತು!"

ಮಗಳು ಕನ್ನಡಕಕ್ಕೆ ಕೈ ಚಾಚಿದಳು. ಡಾಕ್ಟರು ಅದನ್ನು ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ ಕೊಟ್ಟರು. ಆಮೇಲೆ ಸ್ಟೂಲೊಂದನ್ನು ಎಳೆದುಕೊಂಡು ತೊಟ್ಟಿಯ ಮುಂದೆ ಕೂತುಬಿಟ್ಟರು. ಅವಳು ಕೈತೊಳೆದು, ಗ್ಲೌಸು ಹಾಕಿಕೊಂಡು, ಇಕ್ಕಳ ಹಿಡಿದು ಕುರ್ಚಿಯ ಪಕ್ಕ ನಿಂತಳು. ಡ್ರೈವರ್ ಅವಳನ್ನೊಮ್ಮೆ, ಖಾಲಿ ಬಾಗಿಲನ್ನೊಮ್ಮೆ ನೋಡಿದ.

"ದೊಡ್ಡ ಡಾಕ್ಟ್ರು ಬರಲ್ವಾ?"

ತೊಟ್ಟಿಯ ಕಡೆಯಿಂದ ಉತ್ತರ ಬಂತು: "ಅವರೇ ಬಂದಿದಾರಲ್ಲ, ಬಾಯಿ ತೆಗೀರಿ!"