ಚಿಕ್ಕವಳು ಮೊದಲು ಆರಿಸಬೇಕು

ರೇವತಿ ಬೇಕೆಂದೇ ಕೆಟ್ಟ ಹೋಟೆಲನ್ನು ಹೊಗಳಿದಳು.

"ಈ ಬಾಲ್ಕನಿ ನೋಡಕ್ಕಾ. ಮಂಚದ ಮ್ಯಾಲೆ ಕುಂತ್ರೂ ಅಲೆ ಕಾಣ್ತಾವೆ," ಎಂದು ಮೊಬೈಲನ್ನು ಅಕ್ಕನ ಮುಖಕ್ಕೆ ಹಿಡಿದಳು.

ಪುಷ್ಪಲತಾ ಫೋಟೋ ನೋಡಲಿಲ್ಲ. ಮೇಜಿನಾಚೆ ಕೂತಿದ್ದ ರಜಾಕನನ್ನು ನೋಡಿದಳು. ದಾವಣಗೆರೆಯ ಹಳೇ ಬಸ್ ನಿಲ್ದಾಣದ ಹತ್ತಿರ ಟ್ರಾವೆಲ್ಸ್ ಇಟ್ಟುಕೊಂಡಿದ್ದ ರಜಾಕ್ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

ಅಕ್ಕತಂಗಿಯರ ಮಕ್ಕಳು ವರ್ಷದಿಂದ ಹಠ ಹಿಡಿದಿದ್ದ ಪಾರ್ಕು. ನೀರಾಟ, ಪುಟಾಣಿ ರೈಲು, ತಲೆಕೆಳಗೆ ತಿರುಗಿಸುವ ಚಕ್ರ. ಒಳಗೇ ಉಳಿಯಲು ಎರಡು ಹೋಟೆಲ್: ಅಲೆಗೊಳದ ಪಕ್ಕದ ಸಾಗರ ಮಹಲ್, ಹಿಂಭಾಗದ ಮರಗಳ ನಡುವಿನ ತೋಟದ ಮನೆ. ಬೇಸಿಗೆ ರಜೆಯ ನೂಕುನುಗ್ಗಲು. ಒಂದೊಂದರಲ್ಲಿ ಒಂದೊಂದೇ ಕೋಣೆ ಉಳಿದಿತ್ತು. ಮೂರು ರಾತ್ರಿ. ಒಂದು ಕುಟುಂಬ ಅಲ್ಲಿ, ಒಂದು ಇಲ್ಲಿ.

ಫೋಟೋದಲ್ಲಿ ಕಾಣದ್ದು ರೇವತಿಗೆ ಗೊತ್ತಿತ್ತು. ಅವಳು ಪಾಠ ಮಾಡುವ ಹರಿಹರದ ಶಾಲೆಯ ಯಶೋದಾ ಟೀಚರ್ ಹೋದ ತಿಂಗಳು ಸಾಗರ ಮಹಲಿನಲ್ಲೇ ಇದ್ದು ಬಂದಿದ್ದರು. "ಗೋಡೆ ಹಿಂದೇನೇ ಜನರೇಟರ್ ಕಣ್ರೀ. ಕೆಳಗೆ ನಡುರಾತ್ರಿ ತನ್ಕ ಡಿಜೆ. ನಮ್ಮನೆಯವ್ರು ವಾಪಸ್ ಬರೋವಾಗ ಬಸ್ ಸ್ಟ್ಯಾಂಡ್ ಬೆಂಚಿನ ಮ್ಯಾಲೆ ಗೊರಕೆ ಹೊಡೆದ್ರು."

ಅಕ್ಕನಿಗೆ ಅರೆತಲೆನೋವು. ಒಂದು ರಾತ್ರಿ ನಿದ್ದೆಗೆಟ್ಟರೆ ಎರಡು ದಿನ ಕಿಟಕಿ ಮುಚ್ಚಿದ ಕೋಣೆಯಲ್ಲಿ ನರಳುತ್ತಾಳೆ. ಇನ್ನು ಮೂರು ರಾತ್ರಿ ಎಂದರೆ? ಹರಿಹರದಿಂದ ಬರುವಾಗ ಬಸ್ಸಿನಲ್ಲಿ ರೇವತಿ ಅದನ್ನೇ ನೆನೆದು ಒಬ್ಬಳೇ ನಕ್ಕಿದ್ದಳು.

ಅಕ್ಕ ಕಿತ್ತುಕೊಂಡೇ ಕಿತ್ತುಕೊಳ್ಳುತ್ತಾಳೆ. ಅದರಲ್ಲಿ ಅನುಮಾನವಿರಲಿಲ್ಲ.

ಪಂಚಮಿ ಹಬ್ಬಕ್ಕೆ ಸೀರೆ ಕೊಡಿಸುವಾಗ ಚಿಕ್ಕವಳು ಮೊದಲು ಆರಿಸಬೇಕು ಎಂಬುದು ಅವರ ತವರಿನ ರೂಢಿ. ರೇವತಿ ಆರಿಸುತ್ತಿದ್ದಳು. ಅಕ್ಕ ಅದನ್ನು ಅಂಗಡಿಯ ಬಾಗಿಲಿಗೆ ಒಯ್ದು, ಬೆಳಕಿಗೆ ಹಿಡಿದು ನೋಡಿ, "ಇದು ನಂಗಿರ್ಲಿ," ಎಂದು ಬಗಲಿಗೆ ಹಾಕಿಕೊಳ್ಳುತ್ತಿದ್ದಳು. ಹಾಗೆ ನೋಡುವುದನ್ನು ಕಲಿಸಿದವರು ಬಟ್ಟೆ ಗಿರಣಿಯಲ್ಲಿ ತಪಾಸಣೆಯ ಕೆಲಸಕ್ಕಿದ್ದ ಅಪ್ಪ ಮಾಲತೇಶಪ್ಪ. ಅದನ್ನೂ ಅಕ್ಕನಿಗೆ ಮಾತ್ರ. ಒಂದು ಗಿಳಿಹಸಿರು ಸೀರೆಗಾಗಿ ರೇವತಿ ಎರಡು ದಿನ ಉಂಡಿರಲಿಲ್ಲ. ಅಕ್ಕ ಅದನ್ನು ಉಟ್ಟದ್ದನ್ನು ಇವತ್ತಿನ ತನಕ ಯಾರೂ ಕಂಡಿಲ್ಲ.

ಸೀರೆಯನ್ನಾದರೂ ಮರೆಯಬಹುದಿತ್ತು. ಆಸ್ತಿ ಹಂಚುವಾಗ ಅಪ್ಪ ಎರಡು ಸೈಟುಗಳ ಕಾಗದ ಮುಂದಿಟ್ಟರು. ಒಂದು ದಾವಣಗೆರೆಯ ಎಸ್.ಎಸ್. ಬಡಾವಣೆಯದು, ಒಂದು ಹರಿಹರದ್ದು. ರೇವತಿ ಮೊದಲನೆಯದರ ಮೇಲೆ ಕೈಯಿಟ್ಟಳು. ಅಕ್ಕ ಒಂದು ವಾರ ಆ ಕಾಗದ ಹಿಡಿದುಕೊಂಡು ಕಚೇರಿ ಕಚೇರಿ ಸುತ್ತಿ ಬಂದು, ಅದು ತನಗೇ ಬೇಕೆಂದು ಪಟ್ಟು ಹಿಡಿದಳು. ದಾವಣಗೆರೆಯಲ್ಲಿ ಇರಬೇಕಾಗಿದ್ದ ರೇವತಿ ಹರಿಹರದಲ್ಲಿ ಮನೆ ಕಟ್ಟಿಸಿದಳು. ಅಕ್ಕ? ಇನ್ನೂ ಕೆ.ಬಿ. ಬಡಾವಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಆ ಸೈಟಿನಲ್ಲಿ ಒಂದು ಇಟ್ಟಿಗೆ ಇಟ್ಟಿಲ್ಲ. ತನಗೆ ಬೇಕಾಗಿ ಅಲ್ಲ, ತಂಗಿಗೆ ಸಿಗಬಾರದು, ಅಷ್ಟೇ.

"ಏನಂತೀಯ ಮತ್ತೆ?" ಅಕ್ಕ ಕೇಳಿದಳು. "ಸಣ್ಣೋಳು ನೀನು. ಮೊದ್ಲು ಆರಿಸು."

"ನಂಗೆ ಸಾಗರ ಮಹಲೇ ಬೇಕಕ್ಕಾ." ರೇವತಿ ಮೊಬೈಲನ್ನು ಎದೆಗೊತ್ತಿಕೊಂಡಳು. "ಇದೊಂದ್ಸಲ ಕೇಳ್ಬ್ಯಾಡ. ಹುಡುಗ್ರಿಗೆ ಆಗ್ಲೇ ಹೇಳಿಬಿಟ್ಟೀನಿ."

"ಹೇಳಿದ್ರೆ ಏನಾತು? ಹುಡುಗ್ರು ಮರ ಕಂಡ್ರೂ ಕುಣೀತಾವೆ."

"ನಿಂಗೆ ತಲೆನೋವು ಬೇರೆ. ತೋಟದ ಮನ್ಯಾಗೆ ತಣ್ಣಗೆ ಇರಬೌದಲ್ಲ?"

ಇದು ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ನೋಡಿಕೊಂಡು ಬಂದಿದ್ದ ಮಾತು. ಕಾಳಜಿ ತೋರಿಸಿದರೆ ಅಕ್ಕ ಇನ್ನಷ್ಟು ಹಠಕ್ಕೆ ಬೀಳುತ್ತಾಳೆ.

ಪುಷ್ಪಲತಾ ಹಣೆಯ ಪಕ್ಕ ಬೆರಳೊತ್ತಿಕೊಂಡಳು.

"ನನ್ನ ತಲೆ ನಂಗಿರ್ಲಿ, ನೀನು ನಿಂದು ನೋಡ್ಕೋ. ರಜಾಕಣ್ಣ, ಸಾಗರ ಮಹಲ್ ನನ್ನ ಹೆಸ್ರಿಗೆ ಬರೀರಿ. ಇವಳಿಗೆ ತೋಟದ ಮನೆ."

"ಅಕ್ಕಾ!"

"ಅಕ್ಕ ಅಂದ್ಮ್ಯಾಲೆ ಮುಗೀತು. ದೊಡ್ಡೋಳು ನಾನು."

ರಜಾಕ್ ಎರಡೂ ಚೀಟಿ ಮುದ್ರಿಸಿದ. "ಇನ್ನು ಬದಲಾಯಿಸಾಕೆ ಬರಾಂಗಿಲ್ಲ ನೋಡ್ರಿ," ಎಂದ. ರೇವತಿ ಮುಖ ಊದಿಸಿಕೊಂಡಳು. ಒಳಗೆ ಡೊಳ್ಳು ಬಾರಿಸಿದಂತಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅಕ್ಕ ಕಿತ್ತುಕೊಂಡದ್ದು ಅಕ್ಕನನ್ನೇ ಕಚ್ಚಲಿತ್ತು.

ಪುಷ್ಪಲತಾ ಚೀಟಿಯನ್ನು ಪರ್ಸಿಗೆ ಹಾಕಿಕೊಂಡು ಎದ್ದಳು. ತಂಗಿಯ ಹೆಗಲಿನಿಂದ ಜಾರಿದ್ದ ಸೆರಗನ್ನು ಸರಿಮಾಡಿದಳು.

"ಬಾ, ಬೆಣ್ಣೆ ದೋಸೆ ತಿಂದು ಬಸ್ ಹತ್ತುವಂತೆ."

"ನಂಗೆ ಹಸಿವಿಲ್ಲ."

"ಗೊತ್ತಿತ್ತು ಬಿಡು. ಬಾ ಅಂದಿದ್ದಕ್ಕೇ ಬರಲ್ಲ ನೀನು."

ಅಕ್ಕ ರಸ್ತೆ ದಾಟಿ ಮರೆಯಾದಳು. ರೇವತಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡ ರಜಾಕ್ ನೀರಿನ ಲೋಟ ಮುಂದೆ ಸರಿಸಿದ.

"ಬೇಜಾರು ಮಾಡ್ಕೋಬ್ಯಾಡ್ರಿ ಮೇಡಂ. ನಿಮ್ಮಕ್ಕ ನಿನ್ನೆನೇ ಬಂದು, ಎರಡರಾಗ ಯಾವ ರೂಮು ಹಾಳು ಅಂತ ಕೇಳಿದ್ರು, ಜನರೇಟರ್ ವಿಷ್ಯ ನಾನೇ ಹೇಳ್ದೆ. 'ಹಂಗಾದ್ರೆ ನಮ್ಮ ತಂಗಿ ಕೈಯಿಡೋದು ಅದರ ಮ್ಯಾಲೇ. ಸೀರೇನೂ ಹಂಗೇ, ಸೈಟೂ ಹಂಗೇ. ಬ್ಯಾಡ ಅಂದ್ರೆ ಹಠಕ್ಕೆ ಅದನ್ನೇ ತಗೊಳ್ತಾಳೆ. ಕಿತ್ಕೊಂಡ್ರೆ ನನ್ನ ಬೈಕೊಂಡಾದ್ರೂ ಚೆಂದಾಗಿರ್ತಾಳೆ' ಅಂದ್ರು."