ಕಡೇ ಸ್ಥಾನದವರು

ಫುಟ್‌ಬಾಲ್ ಲೀಗ್ ಶುರುವಾಗುವ ಮುಂಚೆ ಎಲ್ಲ ಕಾಲೇಜುಗಳ ಕೋಚ್‌ಗಳೂ ಗುಟ್ಟಾಗಿ ಮತ ಹಾಕಿ, ಯಾವ ತಂಡ ಎಷ್ಟನೇ ಸ್ಥಾನಕ್ಕೆ ಬರಬಹುದೆಂದು ಹೇಳುವ ಪದ್ಧತಿಯಿತ್ತು. ಆ ವರ್ಷ ಬಿದ್ದ ಎಂಟಕ್ಕೆ ಎಂಟೂ ಮತಗಳು ಒಂದೇ ತಂಡವನ್ನು ಕಡೆಗೆ ತಳ್ಳಿದ್ದವು.

ಆ ತಂಡದ ಕೋಚ್ ಫಲಿತಾಂಶದ ಹಾಳೆಯನ್ನು ಹುಡುಗರ ಮುಂದೆ ಹಿಡಿದರು.

"ನೋಡ್ರೋ, ಮುಖಕ್ಕೇ ಉಗಿದಿದ್ದಾರೆ. ರೋಷ ಅನ್ನೋದು ಇದೆಯೇನ್ರೋ ನಿಮಗೆ?"

"ಒಬ್ಬೊಬ್ಬರಿಗೂ ತೋರಿಸ್ತೀವಿ ಸರ್," ಎಂದ ನಾಯಕ.

ಅಂದಿನಿಂದ ಹುಡುಗರು ಬೆಳಗಿನ ಐದಕ್ಕೇ ಮೈದಾನಕ್ಕಿಳಿದರು. ಮಂಡಿ ತರಚಿ ರಕ್ತ ಬಂದರೂ ಯಾರೂ ಕೂರಲಿಲ್ಲ. ಲೀಗಿನಲ್ಲಿ ಎದುರಾದ ಪ್ರತಿ ತಂಡವನ್ನೂ ಸೋಲಿಸಿದರು. ಪಂದ್ಯ ಮುಗಿದ ಮೇಲೆ ಎದುರಾಳಿ ಕೋಚ್ ಒಬ್ಬರು ಕೈ ಚಾಚಿದಾಗ ನಾಯಕ ಕೈ ಕಟ್ಟಿ ನಿಂತ.

"ಏನಪ್ಪಾ, ಇಷ್ಟೊಂದು ಸಿಟ್ಟು?"

"ನಾವು ಕಡೇ ಸ್ಥಾನದವರು ಸರ್. ಮರ್ಯಾದೆ ಎಲ್ಲ ನಮಗೆ ಬರಲ್ಲ."

ಗೆದ್ದ ಕಪ್ ಪ್ರಿನ್ಸಿಪಾಲರ ಮೇಜಿನ ಮೇಲೆ ಬಂದು ಕೂತಿತು. ಕೋಚ್ ಅವರ ಗುತ್ತಿಗೆ ಆ ತಿಂಗಳಿಗೇ ಮುಗಿಯುವುದಿತ್ತು. ಸನ್ಮಾನದ ಹಾರವನ್ನೂ ತೆಗೆಯದೆ ಅವರು ಪಕ್ಕದ ಕುರ್ಚಿಯಲ್ಲಿ ನಗುತ್ತಾ ಕೂತಿದ್ದರು.

"ನಿಮ್ಮ ಗುರುಗಳನ್ನ ಇನ್ನೂ ಐದು ವರ್ಷ ಇಟ್ಕೊಳ್ಳೋಣ ಅಂತಿದ್ದೀನಿ. ನೀನೇನಂತೀಯಪ್ಪ?" ಎಂದು ಪ್ರಿನ್ಸಿಪಾಲರು ನಾಯಕನನ್ನು ಕೇಳಿದರು.

"ನಮ್ಮನ್ನ ಕಡೆಗೆ ಹಾಕಿದವರು ಎಂಟು ಜನ ಸರ್. ಏಳು ಜನಕ್ಕೆ ಮೈದಾನದಲ್ಲೇ ಉತ್ತರ ಕೊಟ್ಟಾಯ್ತು."

"ಇನ್ನೊಬ್ಬರನ್ನ ಯಾಕೆ ಬಿಟ್ಟೆ?"

"ಲೀಗಿನಲ್ಲಿ ನಮ್ಮನ್ನು ಬಿಟ್ಟರೆ ಇರೋದೇ ಏಳು ತಂಡ ಸರ್. ಎಂಟನೆಯವರು ಇಲ್ಲೇ ಹಾರ ಹಾಕ್ಕೊಂಡು ಕೂತಿದ್ದಾರೆ."