ಟಿವಿಯ ಕಸೂತಿ ಹೊದಿಕೆ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಕೌಜಲಗಿಯ ಅಜ್ಜನ ಮನೆಯಲ್ಲಿ ಟಿವಿಗೆ ಹೊದಿಸುತ್ತಿದ್ದ ಕಸೂತಿ ಬಟ್ಟೆ ನೆನಪಾಗುತ್ತದೆ.

ಒಂದು ಮಧ್ಯಾಹ್ನ ಆ ಬಟ್ಟೆ ಸರಿಸಿ, ನಾನೂ ಅಜ್ಜಿಯೂ ಹಾಲಿವುಡ್ಡಿನ ಹಳೆಯ ಮೂಕಿ ಚಿತ್ರವೊಂದನ್ನು ನೋಡುತ್ತಿದ್ದೆವು. ಏಣಿ ಹೊತ್ತವನೊಬ್ಬ ಗರ್ರನೆ ತಿರುಗಿ ಪೊಲೀಸನನ್ನೇ ಕೆಡವಿದಾಗ ಅಜ್ಜಿ ಗಹಗಹಿಸಿ ನಕ್ಕಳು. ಹೊಲದಿಂದ ಬಂದ ಅಜ್ಜ ಬಾಗಿಲಲ್ಲೇ ನಿಂತ.

“ನಿನಗ ಇಂಗ್ಲಿಷ್ ಯಾವಾಗ ಬಂತು?”

“ಅವರು ಮಾತೇ ಆಡಂಗಿಲ್ರಿ,” ಎಂದಳು ಅಜ್ಜಿ.

“ಮತ್ತ ಯಾರನ್ನ ನೋಡಿ ನಕ್ಕಿ?”

ಅಜ್ಜ ಕಿಟಕಿಯಿಂದ ಬೀದಿಯ ಆಚೆ-ಈಚೆ ಇಣುಕಿದ. ಯಾರೂ ಇರಲಿಲ್ಲ. ಆದರೂ ಕಿಟಕಿ ಮುಚ್ಚಿದ.

ಮುಂದಿನ ವಾರ ಅಜ್ಜಿ ನನ್ನನ್ನು ಬಾಗಿಲಿಗೆ ಮುಖ ಮಾಡಿ ಕೂರಿಸಿದಳು. “ಅಜ್ಜ ಬಂದ್ರ ಹೇಳು” ಎಂದಳು. ಚಿತ್ರ ಶುರುವಾದ ಮೇಲೆ ನಾನು ತಿರುಗಿ ನೋಡಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಭುಜಗಳು ಕುಣಿಯುತ್ತಿದ್ದವು, ಸದ್ದೇ ಇರಲಿಲ್ಲ.